ಸವೆಯದ ಪೆಡಲು

ವಾರ್ಷಿಕ ವರದಿ ಬರೆಯುವುದು ಸುಲಭದ ವಿದ್ಯೆಯಲ್ಲ. ಸುಳ್ಳು ಹೇಳುವಂತಿಲ್ಲ, ನಿಜವನ್ನು ಪೂರ್ತಿ ಹೇಳುವಂತೆಯೂ ಇಲ್ಲ. ಸಭೆಗೆ ಮೂರೇ ಜನ ಬಂದಿದ್ದರೆ 'ಸಭೆಯು ಆತ್ಮೀಯವಾಗಿ ನಡೆಯಿತು' ಎನ್ನಬೇಕು. ಜಗಳವಾಗಿ ಒಬ್ಬರ ಕೈಯಿಂದ ಇನ್ನೊಬ್ಬರು ಮೈಕು ಕಿತ್ತುಕೊಂಡಿದ್ದರೆ 'ಸದಸ್ಯರು ಚರ್ಚೆಯಲ್ಲಿ ಉತ್ಸಾಹದಿಂದ ಪಾಲ್ಗೊಂಡರು' ಎನ್ನಬೇಕು. ಶಿಕಾರಿಪುರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವ ನಾನು ಶಾಲೆಯ ವಾರ್ಷಿಕೋತ್ಸವದ ವರದಿಗಳನ್ನು ಬರೆದು ಬರೆದು ಈ ವಿದ್ಯೆಯಲ್ಲಿ ಪಳಗಿದ್ದೇನೆ. ಈಗಲೂ ನನ್ನ ಮೇಜಿನ ಮೇಲೆ 'ಎರಡು ಗಾಲಿ ಬಳಗ: ಬೆಳವಣಿಗೆ ಮತ್ತು ಸಾಧನೆ' ಎಂಬ ತಲೆಬರಹದ ಹಾಳೆ ಕಾಯುತ್ತಿದೆ. ಆದರೆ ಅದರಲ್ಲಿ ಬರೆಯಲಾಗದ ಸಂಗತಿಯೊಂದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಅದನ್ನು ನಿಮ್ಮ ಹತ್ತಿರ ಹೇಳಿ ಹಗುರಾಗುತ್ತೇನೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸೈಕಲ್ ಸವಾರರ ಪರವಾಗಿ ಹೋರಾಡುವ ಈ ಬಳಗಕ್ಕೆ ನಾನು ಕಾರ್ಯದರ್ಶಿ. ನನಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ನಗಬೇಡಿ. ಇದರಲ್ಲಿ ನನ್ನ ತಪ್ಪು ಅರ್ಧ ಮಾತ್ರ. ಗೊಬ್ಬರದಂಗಡಿಯ ಹುಚ್ಚರಾಯಪ್ಪನವರಿಗೆ ಡಾಕ್ಟರು, "ದಿನಾ ಸೈಕಲ್ ಹೊಡೀರಿ, ಇಲ್ದಿದ್ರೆ ಮಾತ್ರೆ ಜಾಸ್ತಿ ಮಾಡ್ತೀನಿ" ಎಂದು ಹೆದರಿಸಿದ್ದರು. ಅವರು ಹೆದರಿ ಸೈಕಲ್ ಹತ್ತಿದ ಮೂರನೆಯ ದಿನವೇ ಲಾರಿಯೊಂದು ಹ್ಯಾಂಡಲ್ಲಿಗೆ ತಾಗಿ ಹೋಯಿತು. ಪೆಟ್ಟು ಬೀಳಲಿಲ್ಲ, ಆದರೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೊಬ್ಬರದ ಚೀಲಗಳ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಸಂಘ ಕಟ್ಟುತ್ತಿದ್ದರು. ಕುಂಡದ ಗುಲಾಬಿಗೆ ಒಂದು ಹಿಡಿ ಗೊಬ್ಬರ ಕೇಳಲು ಹೋದ ನಾನು ಐದನೆಯವಳಾದೆ. "ಮೇಡಂ, ಬಂದ್ರಲ್ರೀ! ಒಂದು ಮನವಿ ಬರ್ದುಕೊಡ್ರಿ" ಎಂದರು. ಬರೆದುಕೊಟ್ಟೆ. ನಮ್ಮ ಕಡೆ ಸಂಘ ಕಟ್ಟುವ ಕ್ರಮವೇ ಹಾಗೆ. ಕೂರಲು ಜಾಗ ಕೊಟ್ಟವರು ಅಧ್ಯಕ್ಷರು, ಅಕ್ಷರ ದುಂಡಗಿರುವವರು ಕಾರ್ಯದರ್ಶಿ. ಸೈಕಲ್ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆದರೆ ಅಂಕ ಸಿಗುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನೇ, ಹಾಗಾಗಿ ಸುಮ್ಮನಿದ್ದೆ.

ಯಾಕೆ ಬರುವುದಿಲ್ಲ ಎನ್ನುವುದಕ್ಕೂ ಒಂದು ಕಥೆಯಿದೆ. ನನ್ನ ತವರು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ. ಅಲ್ಲಿ ಅಣ್ಣ ಸೈಕಲ್ ಕಲಿಯುವಾಗ ಹಿಂದಿನ ಕ್ಯಾರಿಯರ್ ಹಿಡಿದುಕೊಂಡು ಓಡಿದವಳು ನಾನು. ಅವನು ಕಲಿಯುವವರೆಗೂ ಓಡಿದೆ. "ನಿನ್ನ ಸರದಿ ನಾಳೆ" ಎಂದ. ಆ ನಾಳೆ ಬರುವಷ್ಟರಲ್ಲಿ ನಾನು ದೊಡ್ಡವಳಾದೆ, ಅಜ್ಜಿ "ಹೆಣ್ಣುಹುಡ್ಗಿಗೆ ಸೈಕಲ್ ಎಂತಕ್ಕೆ?" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಈಗ ನಗುತ್ತಾ ಬರೆಯುತ್ತಿದ್ದೇನೆ, ಆವತ್ತು ಹುಲ್ಲಿನ ಬಣವೆಯ ಹಿಂದೆ ನಿಂತು ಅತ್ತಿದ್ದೆ. ಮುಂದೆ ಕಲಿಯಬಹುದಿತ್ತಲ್ಲ ಎನ್ನಬೇಡಿ. ವಯಸ್ಸಾದ ಮೇಲೆ ಬೀಳುವುದಕ್ಕಿಂತ ಬೀಳುವುದನ್ನು ನಾಲ್ಕು ಜನ ನೋಡುವುದು ಹೆಚ್ಚು ನೋವಿನ ವಿಷಯ. ಅದರಲ್ಲೂ ಆ ನಾಲ್ವರಲ್ಲಿ ಮೂವರು ನಿಮ್ಮ ಹಳೆಯ ವಿದ್ಯಾರ್ಥಿಗಳಾಗಿದ್ದರೆ ಕೇಳುವುದೇ ಬೇಡ.

ಕಾರ್ಯದರ್ಶಿಯಾದ ಮೇಲೆ ಸೈಕಲ್ ಇಲ್ಲದಿದ್ದರೆ ಹೇಗೆ? ದಸ್ತಗೀರ್ ಸಾಬರ ಸೈಕಲ್ ಅಂಗಡಿಯಲ್ಲಿ ಒಂದು ಹೊಸ ಲೇಡೀಸ್ ಸೈಕಲ್ ಕೊಂಡೆ. ಅದನ್ನು ದಿನವೂ ಕೈಯಲ್ಲಿ ತಳ್ಳಿಕೊಂಡು ಶಾಲೆಗೆ ಹೋಗುತ್ತಿದ್ದೆ, ತಳ್ಳಿಕೊಂಡು ಬರುತ್ತಿದ್ದೆ. ಸಭೆಗೆ ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕೊನೆಗೆ ಹೊರಡುತ್ತಿದ್ದೆ. ಯಾರಾದರೂ ಎದುರಾದರೆ "ಪಂಕ್ಚರ್" ಎನ್ನುತ್ತಿದ್ದೆ. ಮೊದಲೆಲ್ಲ ನಾನು ನಡೆದುಕೊಂಡು ಹೋಗುತ್ತಿದ್ದ ದಾರಿಯೇ ಅದು, ಈಗ ಜೊತೆಗೊಂದು ಸೈಕಲ್ಲನ್ನೂ ಕರೆದುಕೊಂಡು ಹೋಗುತ್ತಿದ್ದೆ, ಅಷ್ಟೇ. ಗುಟ್ಟು ಗೊತ್ತಿದ್ದವರು ನಮ್ಮ ಯಜಮಾನರೊಬ್ಬರೇ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಅವಳನ್ನೂ ಮೀರಿಸಿದೆ. ಸಂಘ ಕಟ್ಟಿ, ಮನವಿ ಕೊಟ್ಟು, ನೆಲವನ್ನೇ ಸರಿ ಮಾಡಿಸೋಕೆ ಹೊರಟಿದ್ದೀಯಲ್ಲ!" ಎಂದು ಕಾಫಿ ಕುಡಿಯುತ್ತಾ ನಗುತ್ತಿದ್ದರು.

ಒಂದು ಸಂತೆಯ ದಿನ ಹುಚ್ಚರಾಯಪ್ಪನವರು ಪೇಟೆಯ ನಡುವೆ ಎದುರಾದರು. "ಏನ್ರೀ ಮೇಡಂ, ಇವತ್ತೂ ಪಂಕ್ಚರಾ?" ಎಂದು ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು. ಟೈರು ಕಲ್ಲಿನ ಹಾಗಿತ್ತು. ನನ್ನ ಬಾಯಿಂದ ಅದೆಲ್ಲಿಂದ ಬಂತೋ, "ಸಂತೆಯಲ್ಲಿ ಸೊಪ್ಪು ಮಾರುವವರು, ಮುದುಕರು, ಮಕ್ಕಳು ಓಡಾಡುತ್ತಾರೆ ಸಾರ್. ನಮಗೆ ಲಾರಿಯವರು ದಾರಿ ಬಿಡಬೇಕಾದರೆ ನಾವು ಮೊದಲು ನಡೆಯುವವರಿಗೆ ದಾರಿ ಬಿಡಬೇಕಲ್ಲ? ಅದಕ್ಕೇ ಪೇಟೆಯೊಳಗೆ ತಳ್ಳಿಕೊಂಡೇ ಹೋಗುತ್ತೇನೆ" ಎಂದುಬಿಟ್ಟೆ. ಹುಚ್ಚರಾಯಪ್ಪನವರು ಟೈರಿನಿಂದ ಕೈ ತೆಗೆದು ನನಗೆ ಕೈ ಮುಗಿದರು. ಕಣ್ಣು ಒದ್ದೆಯಾಗಿತ್ತು. ಮರುದಿನವೇ ತುರ್ತು ಸಭೆ ಕರೆದು, 'ಸಂತೆಯ ದಿನ ಪೇಟೆ ಬೀದಿಯಲ್ಲಿ ಸದಸ್ಯರು ಸೈಕಲ್ಲನ್ನು ತಳ್ಳಿಕೊಂಡೇ ಹೋಗತಕ್ಕದ್ದು' ಎಂದು ಬಳಗದ ಮೊದಲನೆಯ ನಿಯಮ ಮಾಡಿಸಿದರು. ನಡಾವಳಿ ಬರೆದವಳು ನಾನೇ. ಆ ನಿಯಮದಿಂದ ಪೇಟೆಯವರಿಗೆಲ್ಲ ನಾವು ಬೇಕಾದವರಾದೆವು. ಸೊಪ್ಪಿನವರು, ಬಳೆಯವರು, ಹೋಟೆಲಿನವರು ನಮ್ಮ ಮನವಿಗಳಿಗೆ ಸಹಿ ಹಾಕಿದರು. ಬಸ್ ನಿಲ್ದಾಣದ ಪಕ್ಕದಲ್ಲಿ ನಮಗೆ ಸೈಕಲ್ ನಿಲ್ಲಿಸುವ ಜಾಗ ಸಿಕ್ಕಿದ್ದೂ ಆ ಸಹಿಗಳಿಂದಲೇ. ಸಾಧನೆ ನಂಬರ್ ಒಂದು.

ಬಳಗ ಆನವಟ್ಟಿಗೂ ಉಳವಿಗೂ ಹಬ್ಬಿತು. ಸೊರಬದ ಕಡೆಯ ಉಸ್ತುವಾರಿ ಉಳವಿಯ ರೈತ ಕೆರಿಯಪ್ಪನವರದು. ಹಿಂದೆ ಸರ್ಕಾರದವರು ಶಾಲೆಯ ಮಕ್ಕಳಿಗೆ ಕೊಟ್ಟಿದ್ದ ಸೈಕಲ್ಲುಗಳು ಮನೆಮನೆಯಲ್ಲಿ ತುಕ್ಕು ಹಿಡಿದು ಬಿದ್ದಿವೆ, ಅವನ್ನು ಒಟ್ಟುಮಾಡಿ ರಿಪೇರಿ ಮಾಡಿ ಬೇಕಾದವರಿಗೆ ಕೊಡೋಣ ಎಂದು ಹೊರಟವರು ಅವರೇ. ಹುಡುಕುತ್ತಾ ಹೋದರೆ ಯಾವ ಸೈಕಲ್ಲೂ ಖಾಲಿ ಕೂತಿರಲಿಲ್ಲ. ಒಂದರ ಮೇಲೆ ಕೋಳಿಗಳು ಮಲಗುತ್ತಿದ್ದವು, ಇನ್ನೊಂದರ ಮೇಲೆ ಬಟ್ಟೆ ಒಣಗುತ್ತಿತ್ತು. ಆನವಟ್ಟಿ ಹತ್ತಿರ ಒಬ್ಬರು ಎರಡು ಸೈಕಲ್ಲುಗಳನ್ನು ಅಡ್ಡಡ್ಡ ಕಟ್ಟಿ ಕುರಿದೊಡ್ಡಿಗೆ ಬಾಗಿಲು ಮಾಡಿಕೊಂಡಿದ್ದರು. "ಸೈಕಲ್ ತಗಂಡ್ಹೋಗ್ರಿ, ನನ್ದೇನೂ ಅಡ್ಡಿ ಇಲ್ಲ. ಕುರಿ ಹೊರಗ್ ಬಂದ್ರೆ ನೀವು ಕಾಯ್ತೀರೇನು?" ಎಂದರು. "ಮಾರಾಯ್ರೆ, ಇವ್ರು ಹೇಳೋದೂ ಸರಿನೇ ಅಲ್ದಾ?" ಎಂದ ಕೆರಿಯಪ್ಪನವರು ಬಳಗದ ಕಡೆಯಿಂದ ಒಂದು ಬಿದಿರಿನ ಗೇಟು ಮಾಡಿಸಿಕೊಟ್ಟರು. ವರದಿಯಲ್ಲಿ ಇದನ್ನು 'ಗ್ರಾಮೀಣ ಮೂಲಸೌಕರ್ಯ' ಎಂಬ ಉಪಶೀರ್ಷಿಕೆಯ ಕೆಳಗೆ ಹಾಕಿದ್ದೇನೆ.

ಆ ಸೈಕಲ್ಲುಗಳನ್ನೆಲ್ಲ ರಿಪೇರಿ ಮಾಡಿದವರು ದಸ್ತಗೀರ್ ಸಾಬರು. ಒಂದು ದಿನ ಅವರ ಅಂಗಡಿಯಲ್ಲಿ ಪಟ್ಟಿ ಬರೆಯುತ್ತಾ ಕೂತಿದ್ದೆ. ಸಾಬರು ನನ್ನ ಸೈಕಲ್ಲಿಗೆ ಎಣ್ಣೆ ಬಿಡುತ್ತಾ, ತಲೆ ಎತ್ತದೆ, "ಮೇಡಂ, ಸೈಕಲ್ ತಗಂಡು ವರ್ಷ ಆಯ್ತಲ್ರೀ?" ಎಂದರು. ಹೌದು ಎಂದೆ. "ಟೈರ್ ಸವೆದೈತ್ರಿ. ಪೆಡಲ್ ಮ್ಯಾಗಿನ ಗೆರೆ ಮಾತ್ರ ಒಂದೂ ಸವೆದಿಲ್ಲ ನೋಡ್ರಿ, ಅಂಗಡೀಲಿ ಇದ್ದಂಗೇ ಐತಿ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಾನು ಚಪ್ಪಲಿ ನೋಡಿಕೊಂಡೆ. ಅದು ಪೂರ್ತಿ ಸವೆದಿತ್ತು. ಸಾಬರು ಎಣ್ಣೆಯ ಡಬ್ಬಿ ಕೆಳಗಿಟ್ಟು ಇನ್ನೊಂದು ಸೈಕಲ್ಲಿಗೆ ಕೈ ಹಾಕಿದರು. ಆವತ್ತಿನಿಂದ ಅವರ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ನನ್ನ ಮುಖ ಆಚೆ ಬದಿಯ ಔಷಧಿ ಅಂಗಡಿಯ ಕಡೆಗೇ ಇರುತ್ತಿತ್ತು.

ಬಳಗದ ದೊಡ್ಡ ಕನಸು ಕೆರೆ ಏರಿಯ ದಾರಿ. ಅದು ಇಕ್ಕಟ್ಟಿನ ರಸ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ಅದರ ಕೆಳಗೆ ಗದ್ದೆ. ನಾವು ಕೊಡಿಸಿದ ಸೈಕಲ್ಲುಗಳಲ್ಲಿ ಡೈರಿಗೆ ಹಾಲು ಒಯ್ಯುವ ಹೆಂಗಸರು ಅದರ ಮೇಲೆಯೇ ಹೋಗಬೇಕು. ಗಂಗಮ್ಮ ಎನ್ನುವವಳು ಲಾರಿಗೆ ದಾರಿ ಬಿಡಲು ಹೋಗಿ ಹಾಲಿನ ಕ್ಯಾನಿನ ಸಮೇತ ಉರುಳಿ ಕೈ ಮುರಿದುಕೊಂಡಿದ್ದಳು. ಅವಳ ಕೈಗೆ ಹಾಕಿದ್ದ ಪಟ್ಟಿ ನೋಡಿದ ದಿನ ತಪ್ಪು ನನ್ನದೇ ಅನ್ನಿಸಿತು. ನಾವು ಕೊಟ್ಟ ಸೈಕಲ್ಲಿನಿಂದಲೇ ಅಲ್ಲವೇ ಅವಳು ಬಿದ್ದದ್ದು? ಸೈಕಲ್ಲಿಗೆಂದು ಬೇರೆ ದಾರಿ, ಗದ್ದೆಯ ಕಡೆಗೆ ಕಬ್ಬಿಣದ ತಡೆಗಂಬಿ, ಎರಡೂ ಬೇಕೆಂದು ಮನವಿಯ ಮೇಲೆ ಮನವಿ ಬರೆದೆ. ಕೊನೆಗೆ ದಾರಿ ಮಂಜೂರಾಯಿತು. ತಡೆಗಂಬಿ ಮುಂದೆ ನೋಡೋಣ ಎಂದರು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಸಾಹೇಬರು. ಗಂಗಮ್ಮ ಬಿದ್ದದ್ದು ದಾರಿಯಿಲ್ಲದ್ದಕ್ಕಷ್ಟೇ ಅಲ್ಲ, ಕಂಬಿಯಿಲ್ಲದ್ದಕ್ಕೂ ಎಂದು ನಾನೆಷ್ಟು ಬರೆದರೂ ಅದು ಬರೀ ಕಾಗದವಾಗಿಯೇ ಉಳಿಯಿತು.

ಉದ್ಘಾಟನೆಯ ದಿನ ಬೆಳಿಗ್ಗೆ ಏರಿಯ ತುದಿಯಲ್ಲಿ ಶಾಮಿಯಾನ ಎದ್ದಿತು. ಸ್ವಾಗತ, ಪ್ರಾಸ್ತಾವಿಕ, ಎಂಜಿನಿಯರ್ ಸಾಹೇಬರಿಗೆ ಹಾರ ಎಲ್ಲ ಮುಗಿದವು. ನನಗೆ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದರು. ಅಷ್ಟರಲ್ಲಿ ಹುಚ್ಚರಾಯಪ್ಪನವರು ಮೈಕಿನಲ್ಲಿ, "ಈ ದಾರಿ ಮೇಲೆ ಮೊದಲ್ನೇ ಸೈಕಲ್ ಹೊಡೆಯೋರು ನಮ್ಮ ಕಾರ್ಯದರ್ಶಿ ಮೇಡಮ್ಮೋರು!" ಎಂದು ಘೋಷಿಸಿದರು. ಇದು ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಬರೆದವಳು ನಾನೇ, ನನಗೆ ಗೊತ್ತಿಲ್ಲವೇ? ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಮೈಕು ತೆಗೆದುಕೊಂಡು, "ದಯವಿಟ್ಟು ಕ್ಷಮಿಸಿ. ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ" ಎಂದೆ. ಚಪ್ಪಾಳೆಯೋ ಚಪ್ಪಾಳೆ! "ಎಂಥಾ ವಿನಯ ನೋಡ್ರಿ! ಇಷ್ಟೆಲ್ಲಾ ಮಾಡಿ, ನನಗೇನೂ ಬರಲ್ಲ ಅಂತಾರೆ!" ಎಂದು ಹುಚ್ಚರಾಯಪ್ಪನವರು ಕಣ್ಣೊರೆಸಿಕೊಂಡರು. "ನಿಜವಾಗಿಯೂ ಬರುವುದಿಲ್ಲ" ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು. ಇಪ್ಪತ್ತು ವರ್ಷ ವರದಿಯಲ್ಲಿ ಬರೆದ ಅರ್ಧ ಸತ್ಯಗಳನ್ನೆಲ್ಲ ನಂಬಿದ ಊರು, ಒಂದೇ ಒಂದು ದಿನ ಪೂರ್ತಿ ಸತ್ಯ ಹೇಳಿದರೆ ನಂಬಲಿಲ್ಲ.

ಇಬ್ಬರು ಸದಸ್ಯರು ಮದುಮಗನ ಕುದುರೆ ಹಿಡಿದ ಹಾಗೆ ಸೈಕಲ್ ಹಿಡಿದು ನಿಂತರು. ಶಾಲು ಹೊದ್ದುಕೊಂಡೇ ಹತ್ತಿದೆ. ಅವರು ಒಂದು ಸಲ ದೂಡಿ ಬಿಟ್ಟರು. ಅದು ತುಸು ಇಳಿಜಾರಾದ್ದರಿಂದ ಸೈಕಲ್ ತಾನೇ ಹೊರಟಿತು. ಕಾಲು ತಾನಾಗಿ ಪೆಡಲಿನ ಮೇಲೆ ಹೋಯಿತು. ಹತ್ತು ಮಾರು ಇರಬಹುದು, ನಾನು ಸೈಕಲ್ ಹೊಡೆದೆ! ಕೆರೆಯ ಮೇಲಿನ ಗಾಳಿ ಮುಖಕ್ಕೆ ಬಡಿಯಿತು. ಅಣ್ಣ ಹೇಳಿದ್ದ ನಾಳೆ ಇವತ್ತು ಬಂತು ಅನ್ನಿಸಿ, ಕಣ್ಣಲ್ಲಿ ನೀರು ತುಂಬಿ, ಎದುರಿನ ತಿರುವು ಕಾಣಲಿಲ್ಲ. ಕಂಡಿದ್ದರೂ ತಿರುಗಿಸಲು ಬರುತ್ತಿರಲಿಲ್ಲ, ಆ ಮಾತು ಬೇರೆ. ನೇರವಾಗಿ ಇಳಿಜಾರಿನ ಕಲ್ಲುಗಳ ಮೇಲಿಂದ ಇಳಿದು ಶಾಲಿನ ಸಮೇತ ಗದ್ದೆಯ ಕೆಸರಿನಲ್ಲಿ ಕೂತೆ. ಎಲ್ಲರೂ ಓಡಿಬಂದರು. ಎಂಜಿನಿಯರ್ ಸಾಹೇಬರ ಮುಖ ಬಿಳುಚಿಕೊಂಡಿತ್ತು. ಮೈಕು ಮತ್ತೆ ಹುಚ್ಚರಾಯಪ್ಪನವರ ಕೈ ಸೇರಿತ್ತು. "ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ ಅಂತ ನಮ್ಮ ಮೇಡಮ್ಮೋರು ಬಿದ್ದೇ ತೋರಿಸಿದ್ರು ನೋಡ್ರಿ! ತಡೆಗಂಬಿ ಯಾಕೆ ಬೇಕು ಅಂತ ಈಗಾದ್ರೂ ಗೊತ್ತಾಯ್ತಾ?" ಎಂದು ಗುಡುಗಿದರು. ಸಾಹೇಬರು ಅಲ್ಲೇ ನಿಂತು ಕಂಬಿ ಹಾಕಿಸುವುದಾಗಿ ಒಪ್ಪಿಕೊಂಡರು, ಮಳೆಗಾಲಕ್ಕೆ ಮೊದಲೇ ಹಾಕಿಸಿದರು ಕೂಡ. ಗಂಗಮ್ಮ ಈಗ ಆ ಕಂಬಿಯ ಪಕ್ಕದಲ್ಲೇ ಹಾಲು ಒಯ್ಯುತ್ತಾಳೆ. ಅವಳನ್ನು ನೋಡಿದಾಗಲೆಲ್ಲ ನನ್ನ ಸೊಂಟದ ನೋವು ಸಾರ್ಥಕ ಅನ್ನಿಸುತ್ತದೆ.

ಮರುದಿನ ಸೊಟ್ಟಗಾದ ಸೈಕಲ್ಲನ್ನು ತಳ್ಳಿಕೊಂಡು ದಸ್ತಗೀರ್ ಸಾಬರ ಅಂಗಡಿಗೆ ಹೋದೆ. ಅವರು ಬಗ್ಗಿ ನೋಡಿ, "ಎಡಗಡೆ ಪೆಡಲ್ ಕಲ್ಲಿಗೆ ಉಜ್ಜಿ ಪೂರಾ ಸವೆದೈತ್ರಿ ಮೇಡಂ" ಎಂದರು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿ, "ಒಂದು ಪೆಡಲ್ ಆಯ್ತಲ್ರೀ. ಇನ್ನೊಂದನ್ನ ಕಾಲಲ್ಲೇ ಸವೆಸೋಣಂತೆ. ಬೆಳಿಗ್ಗೆ ಬರ್ರಿ, ಅಂಗಡಿ ಹಿಂದೆ ಬಯಲೈತಿ, ಯಾರೂ ಇರಲ್ಲ" ಎಂದರು. ಹೋದೆ. ಅರವತ್ತು ದಾಟಿದ ಅವರು ಕ್ಯಾರಿಯರ್ ಹಿಡಿದು ನನ್ನ ಹಿಂದೆ ಓಡಿದರು. ನನ್ನ ಹಿಂದೆ ಒಬ್ಬರು ಓಡಿದ್ದು ಜೀವನದಲ್ಲಿ ಅದೇ ಮೊದಲು.

ಕಲಿತೆ. ಐವತ್ತೊಂದನೆಯ ವಯಸ್ಸಿನಲ್ಲಿ ಕಲಿತೆ. ಕಲಿತ ಸಂಭ್ರಮದಲ್ಲಿ ಯಾವ ದಾರಿ, ಯಾವ ದಿನ ಎಂಬ ಪರಿವೆಯಿಲ್ಲದೆ ಬೆಲ್ಲು ಬಾರಿಸುತ್ತಾ ಪೇಟೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೊಡೆದುಕೊಂಡು ಹೋದೆ. ಸೊಪ್ಪಿನವರು ಬುಟ್ಟಿ ಎತ್ತಿಕೊಂಡು ಓಡಿದಾಗಲೇ ನೆನಪಾದದ್ದು, ಅಂದು ಸಂತೆ. ಬಳಗದ ಮೊದಲನೆಯ ನಿಯಮವನ್ನು ಮುರಿದ ಮೊದಲನೆಯ ಸದಸ್ಯೆ ಕಾರ್ಯದರ್ಶಿಯೇ ಎಂದು ತುರ್ತು ಸಭೆಯಲ್ಲಿ ಗಂಭೀರ ಚರ್ಚೆಯಾಯಿತು. ಕಾರಣ ಕೇಳಿ ನೋಟೀಸು ಕೊಡುವುದೆಂದು ತೀರ್ಮಾನವಾಯಿತು. ನೋಟೀಸು ಬರೆಯುವುದು ಕಾರ್ಯದರ್ಶಿಯ ಕೆಲಸ. ನನಗೆ ನಾನೇ ದುಂಡಗಿನ ಅಕ್ಷರದಲ್ಲಿ ಬರೆದು, ಸಹಿ ಮಾಡಿ, ಸ್ವೀಕರಿಸಿದ್ದಕ್ಕೆ ಇನ್ನೊಂದು ಸಹಿ ಮಾಡಿದೆ. ಉತ್ತರವನ್ನೂ ಅಲ್ಲೇ ಬರೆದುಕೊಟ್ಟೆ: 'ಸಂತೆಯೆಂದು ನಡುದಾರಿಯಲ್ಲಿ ನೆನಪಾಯಿತು. ಇಳಿಯಬೇಕೆಂದೂ ಇತ್ತು. ಆದರೆ ನನಗೆ ಹತ್ತಲು ಮಾತ್ರ ಬರುತ್ತದೆ, ಇಳಿಯಲು ಇನ್ನೂ ಬರುವುದಿಲ್ಲ.'

ಹುಚ್ಚರಾಯಪ್ಪನವರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಎಂಥಾ ವಿನಯ ರೀ ನಿಮ್ದು" ಎಂದರು.