ಕಾಕಾನ ಗಂಟೆ ಬೋರ್ಡು

ಕರೆದ ತಕ್ಷಣ ಓಡಿ ಬರುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಇಡೀ ಮಿರಜಿನಲ್ಲಿಲ್ಲ. ಆದರೆ ಬಾಯಿಂದ ಕರೆದರೆ ಮಾತ್ರ ಬರುವುದಿಲ್ಲ! ಅದಕ್ಕೆಂದೇ ನಡುಮನೆಯಲ್ಲಿ ಎಂಟು ಗುಂಡಿಗಳ ಬೋರ್ಡು ಕೂರಿಸಿದ್ದ. ಮನೆಯ ಎಂಟು ಮಂದಿಗೆ ಎಂಟು ರಾಗ. ಅವ್ವ ಒತ್ತಿದರೆ ಸಿಲಿಂಡರ್ ಬದಲಿಸಲು ಪಾನಾ ಹಿಡಿದು ಮಾಳಿಗೆಯಿಂದ ಇಳಿಯುತ್ತಿದ್ದ, ಅಪ್ಪ ಒತ್ತಿದರೆ ಅಪ್ಪನ ಕನ್ನಡಕ, ನಾನು ಒತ್ತಿದರೆ ಗಣಿತದ ಪುಸ್ತಕ. ಒಮ್ಮೆ ಸಾಂಗಲಿಯಿಂದ ಬಂದಿದ್ದ ಮಾವಶಿ, ಅಂದರೆ ಅವ್ವನ ತಂಗಿ, ದೀಪದ ಗುಂಡಿಗಳೆಂದು ತಿಳಿದು ಎಲ್ಲವನ್ನೂ ಒತ್ತಿದಳು. ಕಾಕಾ ಪಾನಾ, ಕನ್ನಡಕ, ಪುಸ್ತಕ ಎಲ್ಲವನ್ನೂ ಹಿಡಿದು ಕತ್ತಲಲ್ಲೇ ಇಳಿದು ಬಂದ. ಬೋರ್ಡು ಕೂರಿಸಲು ಜಾಗ ಬೇಕೆಂದು ದೀಪದ ಗುಂಡಿಯನ್ನೇ ಅವನು ಕಿತ್ತುಹಾಕಿದ್ದ!

ಇಂಥವನಿಗೆ ಕುಪವಾಡದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರಿನ ಕೆಲಸ. ಅಲ್ಲಿ ದೊಡ್ಡ ಕಂಪ್ಯೂಟರಿನೊಳಗೆ ಅವನೊಂದು ವರ್ಚುವಲ್ ಮಷೀನು, ಅಂದರೆ ಕಂಪ್ಯೂಟರಿನ ಹೊಟ್ಟೆಯಲ್ಲೊಂದು ಕಂಪ್ಯೂಟರು ಕಟ್ಟಿ, ಮಾಲಿನ ತಪಾಸಣೆ ಮಾಡುವ ಕ್ಯಾಮೆರಾಗಳ ಕಾರ್ಡುಗಳನ್ನು ನೇರವಾಗಿ ಅದರ ಕೈಗೇ ಒಪ್ಪಿಸಿದ್ದ. ಕೆಲಸ ಮುಗಿದಾಗಲೆಲ್ಲ ಕಾರ್ಡು ಗಂಟೆ ಬಾರಿಸುತ್ತದೆ; ಅದಕ್ಕೆ ಇಂಟರಪ್ಟ್ ಎನ್ನುತ್ತಾರಂತೆ. ಯಾವ ಗಂಟೆ ಎಲ್ಲಿಗೆ ಮುಟ್ಟಬೇಕೆಂಬುದಕ್ಕೆ ಒಂದು ಪಟ್ಟಿ. ಹೊಸ ಕಾರ್ಡು ಸೇರಿಸಿದ ದಿನ ಪಟ್ಟಿ ತುಂಬಿಹೋಗಿ ಮಷೀನು ಏಳಲೇ ಇಲ್ಲ.

"ಒಂದ ಕಾರ್ಡ ತಗದಬಿಡ್ರಿ. ಇಲ್ಲಾಂದ್ರ ನಿಮ್ಮ ಮಷೀನ ತಗದು ಬ್ಯಾರೇದು ತರಸ್ತೇನಿ," ಎಂದರು ಮಾಲೀಕರು.

ಕಾಕಾನ ಮೂರು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು. ಆದರೂ ಅವನೆಂದದ್ದು ಇಷ್ಟೇ: "ಜಾಗಾ ಸಾಲಲಿಲ್ಲಂದ್ರ ಜಾಗಾ ದೊಡ್ಡದ ಮಾಡಬೇಕ್ರಿ. ಕರಿಯೋರನ್ನ ಯಾಕ ತಗೀಬೇಕು?"

ಒಂದು ತಿಂಗಳು ಹುಡುಕಿದ. ಪಟ್ಟಿ ಇಷ್ಟೇ ಉದ್ದವಿರಲೆಂದು ಕೋಡಿನಲ್ಲಿ ಯಾರೋ ಎಂದೋ ಬರೆದಿಟ್ಟ ಮಿತಿಯ ಅಂಕಿ ಕೊನೆಗೂ ಸಿಕ್ಕಿತು. ಅದನ್ನು ಏರಿಸಿ, ಪರೀಕ್ಷಿಸಿ, ಜಗತ್ತೆಲ್ಲ ಬಳಸುವ ಆ ಕೋಡು ನೋಡಿಕೊಳ್ಳುವ ದೂರದೇಶದವರಿಗೂ ಕಳಿಸಿದ. ಅವರು ನೂರೆಂಟು ಪ್ರಶ್ನೆ ಕೇಳಿ, ಕಡೆಗೆ ಸರಿಯೆಂದು ಒಪ್ಪಿಕೊಂಡರು. ಕುಪವಾಡದ ಮಷೀನೂ ಎದ್ದು ಕೂತಿತು.

"ಒಂದ ಅಂಕಿ ತಿದ್ದಲಿಕ್ಕೆ ತಿಂಗಳ ಬೇಕಾತೇನು?" ಎಂದಳು ಅವ್ವ.

"ತಿದ್ದಲಿಕ್ಕೆ ಒಂದ ನಿಮಿಷ ವೈನಿ. ಯಾವುದು ಅಂತ ಹುಡುಕಲಿಕ್ಕೆ ತಿಂಗಳ ಆತು."

ಅಷ್ಟರಲ್ಲಿ ಮದುವೆಯಾಗಿದ್ದ ನಾನಂತೂ ಗಂಡನ ಊರಾದ ಬುಧಗಾಂವದಲ್ಲಿ ಯಾರನ್ನೂ ಬಿಡಲಿಲ್ಲ. ಪ್ರಪಂಚದ ಕಂಪ್ಯೂಟರುಗಳಲ್ಲಿ ನಮ್ಮ ಕಾಕಾ ತಿದ್ದಿದ ಸಾಲಿದೆ ಎಂದು ಬಸ್ ಕಂಡಕ್ಟರನಿಗೂ ಹೇಳಿದೆ. ಅವನು "ಟಿಕೀಟ್ ತಗೊಳ್ರಿ" ಎಂದ. ಅರ್ಥವಾಗದಿದ್ದರೆ ನಾನೇನು ಮಾಡಲಿ?

ಈಚೆಗೆ ತಮ್ಮನ ಮದುವೆಯಾಯಿತು. ಹೊಸ ಸೊಸೆಗೊಂದು ಗಂಟೆ ಬೇಕು, ಬೋರ್ಡಿನಲ್ಲಿ ಜಾಗವಿಲ್ಲ. ಕೊಟ್ಟ ಮನೆಗೆ ಹೋದವಳ ಗುಂಡಿ ಯಾಕೆ ಎಂದರು ಎಲ್ಲರೂ. "ನಂದ ತಗದಬಿಡ್ರಿ," ಎಂದು ಫೋನಿನಲ್ಲಿ ನಾನೇ ಹೇಳಿದೆ. ಹೇಳಿ ಫೋನಿಟ್ಟ ಮೇಲೆ ಬಹಳ ಹೊತ್ತು ಯಾವ ಕೆಲಸವೂ ಬೇಡವಾಯಿತು.

ಮುಂದಿನ ಭಾನುವಾರ ಮಿರಜಿಗೆ ಹೋದೆ. ಗೋಡೆಯ ಮೇಲೆ ಹದಿನಾರು ಗುಂಡಿಗಳ ಹೊಸ ಬೋರ್ಡು! ಹೊಸ ಸೊಸೆಯ ಹೆಸರು ಒಂಬತ್ತನೆಯದು. ನನ್ನ ಹೆಸರಿನ ಮಾಸಿದ ಚೀಟಿ ಮೊದಲಿದ್ದ ಜಾಗದಲ್ಲೇ ಇತ್ತು. ಮೆಲ್ಲಗೆ ಒತ್ತಿದೆ. ಅದೇ ಹಳೆಯ ರಾಗ.

ತಲೆ ನರೆತ ಕಾಕಾ ಮಾಳಿಗೆಯಿಂದ ಇಳಿದು ಬಂದ. ಕೈಯಲ್ಲಿ ನನ್ನ ಗಣಿತದ ಪುಸ್ತಕವಿತ್ತು.

"ಯಾವ ಲೆಕ್ಕಾ ಬರವಲ್ದವ್ವಾ?" ಎಂದ.