ಐದು ಗೇರು, ಒಂದು ತಂಬಿಗೆ ಮಜ್ಜಿಗೆ

ಈ ಜಗತ್ತಿನಲ್ಲಿ ಎಡಗೈಗೆ ಮರ್ಯಾದೆ ಕೊಡುವ ಏಕೈಕ ಮನುಷ್ಯ ನಮ್ಮ ಕಾಕಾ! ನಾವೆಲ್ಲ ಉಣ್ಣುವುದು, ಕೊಡುವುದು, ಆಶೀರ್ವಾದ ಮಾಡುವುದು ಬಲಗೈಯಲ್ಲಿ. ಎಡಗೈ ಕೆಲಸ ನಾಲ್ಕು ಜನರೆದುರು ಹೇಳುವಂಥದ್ದೇ? ಕಾಕಾನನ್ನು ಕೇಳಿದರೆ, ಗೇರು ಹಾಕುವುದು ಎಡಗೈ, ಆದ್ದರಿಂದ ಮನುಷ್ಯನ ಯೋಗ್ಯತೆ ಇರುವುದೂ ಅಲ್ಲೇ!

ಅಪ್ಪನ ತಮ್ಮನಾದ ಈ ಮಹಾನುಭಾವ ಬೀದರಿನ ಚಿದ್ರಿಯಲ್ಲಿ, ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ, ಹಳೆಯ ಜಪಾನಿ ಓಟದ ಕಾರುಗಳ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುತ್ತಾನೆ. ಹೈದರಾಬಾದಿನ ಶೋಕೀನರು ಅವನ್ನು ಲಾರಿಯ ಮೇಲೆ ಮಲಗಿಸಿಕೊಂಡು ಬರುತ್ತಾರೆ. ಕಾಕಾ ಕಾರಿನ ಕಡೆ ತಿರುಗಿಯೂ ನೋಡುವುದಿಲ್ಲ.

"ಕಾರು ಆಮ್ಯಾಲ ನೋಡೋಣ. ಮೊದ್ಲ ಎಡಗೈ ಕೊಡ್ರಿ."

ಒಬ್ಬ ಹುಡುಗ ಹೆದರುತ್ತಲೇ ಕೈ ಚಾಚಿ, "ಚಾಚಾ, ಆರು ಗೇರಿನ ಬಾಕ್ಸೇ ಬೇಕ್ರಿ" ಅಂದ. ಕಾಕಾ ಅವನ ಮಣಿಕಟ್ಟನ್ನು ವೈದ್ಯರಂತೆ ತಿರುಗಿಸಿ ನೋಡಿದ. "ನಿಮ್ಮೂರ ಟ್ರಾಫಿಕ್ಕಿನ್ಯಾಗ ಎರಡರ ಮ್ಯಾಲ ಏರೂದಿಲ್ಲ. ಉಳಿದ ನಾಕು ಏನ್ ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರೇನು?" ಹುಡುಗ ಐದು ಗೇರಿನದನ್ನೇ ಹಾಕಿಸಿಕೊಂಡು ಹೋದ.

ಕಟ್ಟಿದ ಮೇಲೆ ಪರೀಕ್ಷೆ ಬೇಡವೇ? ಅದಕ್ಕೆ ಕಾಕಾ ಯಾವ ಮೀಟರನ್ನೂ ನಂಬುವುದಿಲ್ಲ. ಕಂಠಮಟ್ಟ ಮಜ್ಜಿಗೆ ತುಂಬಿದ ತಂಬಿಗೆ ಹಿಡಿದು ಅವನ ಹೆಂಡತಿ, ನಮ್ಮ ಕಾಕು, ಕಾರು ಹೊಡೆಯುವ ಗಿರಾಕಿಯ ಪಕ್ಕ ಕೂಡಬೇಕು. ಭಾಲ್ಕಿ ರಸ್ತೆಯಲ್ಲಿ ಐದೂ ಗೇರು ಬದಲಾಗಬೇಕು. ತೊಟ್ಟು ಚೆಲ್ಲಿತೋ, ತಪ್ಪು ಗೇರ್‌ಬಾಕ್ಸಿನದಾದರೆ ಮತ್ತೆ ಬಿಚ್ಚುತ್ತಾನೆ. ಕೈಯದಾದರೆ, "ಹೋಗ್ರಿ, ಕಬ್ಬಿನ ಟ್ರ್ಯಾಕ್ಟರ್ ಹೊಡೀರಿ!" ಎಂದು ಮುಖದ ಮೇಲೆ ಹೇಳುತ್ತಾನೆ. ಇಷ್ಟು ವರ್ಷದಲ್ಲಿ ಒಬ್ಬರ ಕೈಯನ್ನೂ ಅವನು ಛಲೋ ಅಂದದ್ದಿಲ್ಲ. ಕಾಕುವಿನ ಎಷ್ಟು ಸೀರೆಗಳು ಮಜ್ಜಿಗೆ ಕುಡಿದಿವೆಯೋ, ದೇವರೇ ಬಲ್ಲ!

ಸೀರೆಯ ಮಾತು ಹಾಗಿರಲಿ. ಅವಳು ಹಿಟ್ಟು ನಾದುವ ಪರಾತದಲ್ಲಿ ಗೇರುಗಳು ಡೀಸೆಲ್ ಸ್ನಾನ ಮಾಡುತ್ತಿದ್ದವು. ಒಮ್ಮೆ ಜಪಾನಿನಿಂದ ಪುಟ್ಟ ಪಾರ್ಸೆಲ್ ಬಂತು. ಒಳಗೆ ಹಿತ್ತಾಳೆಯ ಬಳೆಯಂಥ ಮೂರು ರಿಂಗು, ಗೇರು ಕರಕರ ಅನ್ನದೆ ಕೂಡಲೆಂದು ಹಾಕುವಂಥವು. ಕಾಕು ಎತ್ತಿ ನೋಡಿ, "ನನಗ ಬೀದರ್ ಚೌಕಿನಿಂದ ಒಂದು ಬಳಿ ತಂದವರಲ್ಲ. ಗೇರಿಗಿ ಜಪಾನಿನಿಂದ ತರಸ್ಯಾರ ನೋಡು!" ಅಂದಳು.

"ನೀ ಬಳಿ ಇಲ್ದನೂ ಕರಕರ ಅನ್ನೂದಿಲ್ಲಲ್ಲ?" ಅಂದ ಕಾಕಾ. ಅಂದು ರಾತ್ರಿ ರೊಟ್ಟಿಗೆ ಪಲ್ಯ ಇರಲಿಲ್ಲ.

ಕಾಕಾನಿಗೆ ಸ್ವಂತದ್ದೂ ಒಂದು ಕಾರುಂಟು. ಔರಾದಿನ ಯಾರದೋ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಕೆಂಪು ಕಾರು. ಎರಡೇ ಬಾಗಿಲು, ಹಿಂದಿನ ಸೀಟು ಎರಡು ತೆಂಗಿನಕಾಯಿಗೆ ಸಾಕು. "ಇದು ತಯಾರಾತಂದ್ರ ನಿನ್ನ ತವರಿಗಿ ಇದರಾಗೇ ಕರಕೊಂಡು ಹೋಗ್ತೇನಿ" ಎಂದು ಕಾಕುವಿಗೆ ಮಾತು ಕೊಟ್ಟಿದ್ದ. ತವರು ಭಾಲ್ಕಿ, ಬಸ್ಸು ಹತ್ತಿದರೆ ತಾಸಿನ ದಾರಿ. ಕಾಕುವಿಗೆ ಅದು ಹನ್ನೊಂದು ವರ್ಷದ ದಾರಿಯಾಯಿತು! ಒಂದು ಗೇರ್‌ಬಾಕ್ಸ್ ಬಿಗಿ ಎಂದ, ಒಂದು ಸಡಿಲ ಎಂದ, ಮತ್ತೊಂದರಲ್ಲಿ ಎರಡಕ್ಕೂ ಮೂರಕ್ಕೂ ಅಂತರ ಬಹಳ, ನಡುವೆ ಎಂಜಿನ್ನು ನಿದ್ದೆಹೋಗುತ್ತದೆ ಎಂದ. ಮಗಳಿಗೂ ಯಾರೂ ಇಷ್ಟು ವರ ನೋಡುವುದಿಲ್ಲ.

ಕೊನೆಗೆ ನಾಲ್ಕನೆಯದು ಒಪ್ಪಿಗೆಯಾಯಿತು. ಅದನ್ನು ಕಾರಿನ ಕೆಳಗೆ ಏರಿಸುವಾಗ ಜಾಕು ಜಾರಿ, ಅಷ್ಟು ಭಾರದ ಬಾಕ್ಸು ಬಿದ್ದದ್ದು ಕಾಕಾನ ಎಡಗೈ ಮೇಲೆ.

ಮೂಳೆ ಕೂಡಿತು, ಬೆರಳಿಗೆ ಹಿಡಿತ ಬರಲಿಲ್ಲ. ಇನ್ನು ಬರುವುದೂ ಇಲ್ಲ ಅಂದರು ಡಾಕ್ಟರು. ಕಾಕಾ ಶೆಡ್ಡಿಗೆ ಬೀಗ ಹಾಕಿದ. ಬಂದವರ ಎಡಗೈ ಕೇಳುವುದನ್ನೂ ಬಿಟ್ಟ. ಬೈಯುವುದನ್ನೇ ನಿಲ್ಲಿಸಿದಾಗ ನಮಗೆ ನಿಜವಾಗಿಯೂ ಭಯವಾಯಿತು.

ಒಂದು ಮುಂಜಾನೆ ಕಾಕು ಬೀಗ ತೆಗೆದಳು. "ನೀವು ಹೇಳ್ರಿ, ನಾ ತಿರುವ್ತೇನಿ" ಎಂದು ನಟ್ಟು ತಿರುಗಿಸುವ ಪಾನಾ ಹಿಡಿದು ಕಾರಿನ ಕೆಳಗೆ ನುಗ್ಗಿದಳು. ಭಾರ ಎತ್ತಲು ನಾನಿದ್ದೆ, ಬೈಯಲು ಕಾಕಾ ಇದ್ದ. ನಾಲ್ಕು ದಿನದಲ್ಲಿ ಬಾಕ್ಸು ಕೂತಿತು.

"ಕೂತ್ರೇನಾತು? ಹಾಕೂದು ಯಾರು?" ಅಂದ ಕಾಕಾ.

"ಕ್ಲಚ್ ಕಾಲಿನ ಕೆಲ್ಸ ಅಲ್ಲೇನು? ಅದು ನಿಮ್ದು. ಗೇರು ನನ್ನ ಬಲಗೈಗಿ ಹತ್ತರ ಅದ." ಕಾಕು ಎಡಸೀಟಿನಲ್ಲಿ ಕೂತೇಬಿಟ್ಟಳು. ತಂಬಿಗೆ ನನ್ನ ಪಾಲಿಗೆ ಬಂತು, ತೆಂಗಿನಕಾಯಿ ಸೀಟೂ ಬಂತು.

"ಎರಡು!"

"ಹಾಕ್ದೆ!"

ಕರ್‌ರ್! ನೌಬಾದ ದಾಟುವಷ್ಟರಲ್ಲಿ ಅರ್ಧ ಮಜ್ಜಿಗೆ ನನ್ನ ತೊಡೆಯ ಮೇಲಿತ್ತು. ಕಾಕಾ ಕಾರು ನಿಲ್ಲಿಸಿ, ಒಂದು ಹೋಟೆಲಿನಲ್ಲಿ ಮತ್ತೆ ಕಂಠಮಟ್ಟ ತುಂಬಿಸಿದ. ಆಮೇಲೆ ಏನಾಯಿತೋ, ಅವನ ಕಾಲು ಕೆಳಗಿಳಿಯುವುದಕ್ಕೂ ಅವಳ ಕೈ ಸರಿಯುವುದಕ್ಕೂ ತಾಳ ಕೂಡಿತು. "ಮೂರು" ಎಂದು ಹೇಳುವ ಮೊದಲೇ ಮೂರು ಬೀಳುತ್ತಿತ್ತು. ಭಾಲ್ಕಿ ಬಂತು. ಕಾಕಾ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಚೆಲ್ತೇನು?"

"ಒಂದು ಹನಿ ಇಲ್ಲ ಕಾಕಾ."

"ಇಂಥಾ ಛಲೋ ಕೈ ನಾ ಎಲ್ಲೂ ನೋಡಿಲ್ಲ" ಅಂದ.

"ನಲವತ್ತು ವರ್ಷ ನಿಮ್ಮ ಬಾಜೂಕೇ ಇತ್ತಲ್ರಿ" ಅಂದಳು ಕಾಕು.

ತವರಿನ ಬಾಗಿಲಲ್ಲಿ ಕಾರು ನಿಂತಿತು. ಕಾಕು ಗೇರನ್ನು ನ್ಯೂಟ್ರಲ್ಲಿಗೆ ತಂದಳು, ಕೈ ತೆಗೆಯಲಿಲ್ಲ. ಅದರ ಮೇಲೆ ಹಿಡಿತವಿಲ್ಲದ ಆ ಎಡಗೈ ಬಂದು ಕೂತಿತ್ತು. ಎರಡೇ ಬಾಗಿಲಿನ ಕಾರು, ಅವರು ಇಳಿಯದೆ ನಾನು ಇಳಿಯುವಂತಿಲ್ಲ. ನನಗೆ ಅವಸರವೂ ಇರಲಿಲ್ಲ. ತಂಬಿಗೆ ಎತ್ತಿ ನಿಧಾನವಾಗಿ ಮಜ್ಜಿಗೆ ಕುಡಿದೆ.