ಟ್ಯೂನಿಸ್‌ಗೆ ಒಂದು ಮೂಟೆ ಅಕ್ಕಿ

ಬಯೋಡೇಟಾದಲ್ಲಿ ಒಂದು ಸುಳ್ಳು ಬರೆದವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಆ ಸುಳ್ಳು ಅವನಿಗಿಂತ ಮೊದಲೇ ಮುಂದಿನ ಊರಿಗೆ ಹೋಗಿ ಕಾಯುತ್ತಿರುತ್ತದೆ.

ನನ್ನ ಸುಳ್ಳು: ‘ಅರಬ್ಬಿ ಭಾಷೆ: ಉತ್ತಮ’. ಇತಿಹಾಸದಲ್ಲಿ ಚಿನ್ನದ ಪದಕ ಪಡೆದವನನ್ನು ದುಬೈ ಜೆಬೆಲ್ ಅಲಿಯ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಲು ನಿಲ್ಲಿಸಿದ್ದರು. ನನ್ನ ಅರಬ್ಬಿಯೆಲ್ಲ ಅಲ್ಲಿನ ಲಾರಿ ಚಾಲಕರು ಕೊಟ್ಟದ್ದು. ಪ್ರೊಬೇಷನ್ ಮುಗಿಯಲು ಎರಡು ವಾರವಿರುವಾಗ, ಭಟ್ಕಳದವರಾದ ನಮ್ಮ ಸಾಹೇಬರು ದುಬೈ ಪೇಟೆಯ ದೇರಾದ ಕಚೇರಿಗೆ ಕರೆಸಿದರು.

“ಆಲಿವ್ ಎಣ್ಣೆಗೆ ಟ್ಯೂನಿಸ್‌ಗೆ ಹೋಗುವ. ದುಭಾಷಿ ನೀನೇ. ನಡೆದರೆ ಕಾಯಂ. ಇಲ್ಲದಿದ್ದರೆ ಖಲಾಸ್.”

ಬಾಲೆಕ್

ಟ್ಯೂನಿಸ್‌ನ ಹಳೆಪೇಟೆಯ ಓಣಿಗಳು ಇಬ್ಬರು ಎದುರಾದರೆ ಒಬ್ಬರು ಗೋಡೆಯಾಗಬೇಕಾದಷ್ಟು ಕಿರಿದು. ಆ ಬಿಳಿ ಗೋಡೆಗಳ, ನೀಲಿ ಬಾಗಿಲುಗಳ ಮುಂದೆ, ಚೀಟಿ ಅಂಟಿಸುವ ಕೆಲಸದ ಮೇಲಿನ ನನ್ನ ಸಿಟ್ಟು ಮೊದಲ ಬಾರಿಗೆ ಮಾತು ಕಳೆದುಕೊಂಡಿತು. ಹಿಂದಿನಿಂದ ಕೈಗಾಡಿಯವನೊಬ್ಬ “ಬಾಲೆಕ್! ಬಾಲೆಕ್!” ಎಂದು ಕೂಗುತ್ತ ಬಂದ.

“ಇಲ್ಲೂ ಬಾಳೆಕಾಯಿಯಾ! ನಿಲ್ಲಿಸು ಮಾರಾಯ, ಪೋಡಿ ಕರಿಯಲಿಕ್ಕೆ ಆಗ್ತದೆ,” ಎಂದು ಸಾಹೇಬರು ನಡುದಾರಿಯಲ್ಲೇ ನಿಂತರು.

ಅವನು ಹೇಳಿದ್ದು ‘ದಾರಿ ಬಿಡಿ’ ಎಂದು. ಗಾಡಿ ತಾಗುವ ಮುನ್ನ ಕೆಂಪು ಟೋಪಿಗಳ ಅಂಗಡಿಯವನು ಅವರನ್ನು ಒಳಗೆಳೆದುಕೊಂಡ. ಹೊರಬರುವಾಗ ತಲೆಯ ಮೇಲೆ ಒಂದು ಟೋಪಿಯಿತ್ತು. ಸಾಹೇಬರಿಗೆ ಟೋಪಿ ಹಾಕಿದವರನ್ನು ನಾನು ಕಂಡದ್ದು ಅದೊಂದೇ ಸಲ.

ಕಂಬಗಳು

ಜೈತುನಾ ಮಸೀದಿಯ ಅಂಗಳದಲ್ಲಿ ನಾನು ಇತಿಹಾಸಕಾರನಾದೆ. ಈ ಕಂಬಗಳಲ್ಲಿ ಎಷ್ಟೋ ಪಾಳುಬಿದ್ದ ಕಾರ್ಥೇಜ್‌ನಿಂದ ತಂದವು, ಒಂದರ ತಲೆ ಇನ್ನೊಂದರಂತಿಲ್ಲ, ಆದರೂ ಒಂದೇ ಚಾವಣಿಯನ್ನು ಶತಮಾನಗಳಿಂದ ಹೊತ್ತಿವೆ ಎಂದು ವಿವರಿಸಿದೆ. ಸಾಹೇಬರು ಒಂದು ಕಂಬವನ್ನು ಗೌರವದಿಂದ ತಟ್ಟಿದರು.

“ಸೆಕೆಂಡ್ ಹ್ಯಾಂಡ್! ಕೊಳ್ಳುವವನಿಗೆ ಕಣ್ಣಿರಬೇಕು, ನೋಡು.”

ಐಶೆಕ್

ಎಣ್ಣೆಯ ವ್ಯಾಪಾರಿ ಹಿರಿಯರು. ಸಾಹೇಬರು ದೇರಾದಿಂದ ತಂದ ಏಲಕ್ಕಿಯ ಡಬ್ಬ ಕೊಟ್ಟಾಗ ಅವರು ಎದೆಗೆ ಕೈಯಿಟ್ಟು “ಐಶೆಕ್” ಎಂದರು. ಗೋದಾಮಿನಲ್ಲಿ ‘ಐಶ್’ ಎಂದರೆ ಅಕ್ಕಿ. ನನಗೆ ಸಂದೇಹವೇ ಇರಲಿಲ್ಲ.

“ಎಂತದಂತೆ?”

“ನಿಮ್ಮ ಅಕ್ಕಿ ಎನ್ನುತ್ತಿದ್ದಾರೆ.”

“ಅಕ್ಕಿ ತಂದಿಲ್ಲವಲ್ಲ! ಕಳಿಸ್ತೇವೆ ಅನ್ನು.”

ಹೇಳಿದೆ. ಹಿರಿಯರು ತಬ್ಬಿಬ್ಬಾಗಿ, ನಗುತ್ತ, ಮತ್ತೆ “ಐಶೆಕ್” ಎಂದರು.

“ಮತ್ತೆ ಕೇಳುತ್ತಿದ್ದಾರೆ, ಸಾಹೇಬರೇ.”

“ಪಾಪ, ಊರಲ್ಲಿ ಅಕ್ಕಿಗೆ ತತ್ವಾರವೋ ಏನೋ. ಒಂದು ಮೂಟೆ ಅನ್ನು!”

ಚಹಾ ತಂದ ಅವರ ಮಗಳು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು: ಐಶೆಕ್ ಎಂದರೆ ಇಲ್ಲಿ ಧನ್ಯವಾದ; ‘ದೇವರು ನಿನ್ನನ್ನು ಬಾಳಿಸಲಿ’ ಎಂದರ್ಥ. ಉಪಕಾರಕ್ಕೆ ಆಯುಷ್ಯವನ್ನೇ ಹಾರೈಸುವ ಊರು! ಅದಕ್ಕೆ ನಾನು ತಲೆಬಾಗಿದೆ; ಆದರೆ ನನ್ನ ನೌಕರಿಯ ಆಯುಷ್ಯ ಮುಗಿದದ್ದು ಅದೇ ಕ್ಷಣ ಖಚಿತವಾಯಿತು. ಎಣ್ಣೆಯ ಮಾತನ್ನು ಆ ಮಗಳೇ ನಡೆಸಿದಳು.

ವಾರದ ನಂತರ ದೇರಾದಲ್ಲಿ ಸಾಹೇಬರು ಕಾಗದದಿಂದ ತಲೆಯೆತ್ತದೆ ಹೇಳಿದರು: “ನಿನ್ನ ಅರಬ್ಬಿ ಮಾಫಿ, ಇಲ್ಲವೇ ಇಲ್ಲ. ಪೂರ್ತಿ ಸೊನ್ನೆ. ಆದರೆ ಆ ಮುದುಕರು ಅಕ್ಕಿಯ ಸ್ಯಾಂಪಲ್ ಕೇಳಿದ್ದಾರೆ. ನಾವು ಅಷ್ಟು ಒತ್ತಾಯ ಮಾಡಿದ ಮೇಲೆ ಬೇಡ ಅನ್ನಲಿಕ್ಕೆ ಸಂಕೋಚ ಆಯ್ತಂತೆ. ಎಣ್ಣೆ ತರಲು ಹೋದವನು ಅಕ್ಕಿ ಮಾರಿ ಬಂದೆ. ಕಾಯಂ, ಹೋಗು.”

ಎದೆಗೆ ಕೈಯಿಟ್ಟು, ಜೀವನದಲ್ಲಿ ಮೊದಲ ಬಾರಿ ಸರಿಯಾದ ಅರಬ್ಬಿಯಲ್ಲಿ, “ಐಶೆಕ್” ಎಂದೆ.

ಸಾಹೇಬರು ಪೆನ್ನು ತೆರೆದರು.

“ಎಷ್ಟು ಮೂಟೆ?”